ಖಾಕಿ ಕಂಡರೆ ಕೂರುತ್ತಿದ್ದ ನಾಯಿ

ಖಾಕಿ ಬಟ್ಟೆ ಕಣ್ಣಿಗೆ ಬಿದ್ದ ಕೂಡಲೇ ಕುಕ್ಕರಗಾಲಿನಲ್ಲಿ ಕೂರಬೇಕು. ಕೈ ಮೊಣಕಾಲ ಮೇಲೆ, ಕಣ್ಣು ನೆಲದ ಮೇಲೆ. ಪುಣೆಯ ಹೊರಗೆ, ತಳೇಗಾಂವ ದಾಭಾಡೆಯ ಹಾದಿಯಲ್ಲಿದ್ದ ಆ ಹೆಂಗಸರ ಜೈಲಿನಲ್ಲಿ ಈ ಕಾನೂನನ್ನು ಯಾರೂ ಬರೆದು ತೂಗುಹಾಕಿರಲಿಲ್ಲ. ಹೊಸದಾಗಿ ಬಂದವಳು ಒಮ್ಮೆ ನಿಂತೇ ಇದ್ದರೆ ಸಾಕು, ಮರುದಿನದಿಂದ ತಾನಾಗಿ ಕೂರುತ್ತಿದ್ದಳು. ನಲ್ಲಿಯ ಮುಂದೆ ಇರಲಿ, ಒಲೆಯ ಮುಂದೆ ಇರಲಿ, ಕೈಯಲ್ಲಿ ಅರ್ಧ ತಿಂದ ಭಾಕ್ರಿ ರೊಟ್ಟಿ ಇರಲಿ, ಕೂರಬೇಕು. ಬಸುರಿ ಕೂತಳು. ಮಂಡಿ ಹಿಡಿದ ಮುದುಕಿ ಕೂತಳು. ಇದಕ್ಕೆ ಶಿಸ್ತು ಎಂದು ಹೆಸರು. ಹೆಂಗಸೊಬ್ಬಳನ್ನು ದಿನಕ್ಕೆ ಹತ್ತು ಸಲ ನೆಲಕ್ಕೆ ಇಳಿಸಿದರೆ ಊರಿನಲ್ಲಿ ಯಾವ ಅಪರಾಧ ಕಡಿಮೆಯಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದವರು ನಿಂತಿದ್ದರು. ನಿಂತವರಿಗೆ ಇಂಥ ಪ್ರಶ್ನೆ ಹೊಳೆಯುವುದಿಲ್ಲ.

ಗೌರಾಬಾಯಿಯೂ ವರ್ಷಗಟ್ಟಲೆ ಹಾಗೆ ಕೂತಳು.

ಅದಕ್ಕೂ ಮೊದಲು ಅವಳು ಯಾರ ಮುಂದೆಯೂ ಕೂತವಳಲ್ಲ, ಹತ್ತಾರು ಜನರನ್ನು ಕೂರಿಸಿ ಉಣಿಸಿದವಳು. ಬೈಲಹೊಂಗಲ ಕಡೆಯ ಹುಡುಗಿ. ಗಂಡ ಶಿವರುದ್ರಪ್ಪ ಪುಣೆಯ ಕ್ಯಾಂಪ್ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತ. ಸಂಬಳ ಸಾಲದೆ ಅವಳು ಅಲ್ಲೇ ಹಿಂದಿನ ಗಲ್ಲಿಯಲ್ಲಿ ಖಾನಾವಳಿ ಇಟ್ಟಳು. ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಆಫೀಸುಗಳಲ್ಲಿ ಸೇರಿಕೊಂಡಿದ್ದ ಹುಡುಗರು ಮಧ್ಯಾಹ್ನ ಅಲ್ಲಿಗೆ ಬರುತ್ತಿದ್ದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಗಂಡ ಕಾಮಾಲೆಯಾಗಿ ತೀರಿಕೊಂಡ. ಅವನ ತಮ್ಮ ರಾಮಲಿಂಗಪ್ಪ ಮನೆಗೆ ಗಂಡು ದಿಕ್ಕು ಬೇಕು ಎಂದು ಹೇಳಿಕೊಂಡು ಬಂದು ಖಾನಾವಳಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತ. ಅದನ್ನು ಅವಳು ಸಹಿಸಿದಳು. ಒಂದು ಮಧ್ಯಾಹ್ನ ಅವನು ಶಾಲೆಯಿಂದ ಬಂದ ಅವಳ ಮಗಳು ರೇಣುವಿನ ಮೇಲೆ ಕೈ ಹಾಕಿದ. ಗೌರಾಬಾಯಿಯ ಕೈಯಲ್ಲಿ ಚಟ್ನಿ ಕುಟ್ಟುವ ಕಬ್ಬಿಣದ ಹಾರೆ ಇತ್ತು. ಒಂದೇ ಏಟು.

ಕೈ ಜಾರಿತು ಎಂದು ಹೇಳಿ ಅಂತ ವಕೀಲ ಕಲಿಸಿಕೊಟ್ಟಿದ್ದ. ಅವಳು ಕಟಕಟೆಯಲ್ಲಿ ನೆಟ್ಟಗೆ ನಿಂತು, “ಕೈ ಜಾರಿಲ್ರಿ. ಹೊಡದೀನಿ” ಅಂದಳು. ಜೀವಾವಧಿ ಆಯಿತು. ಹುಡುಗಿಯ ಮೈಮೇಲೆ ಬಿದ್ದ ಕೈಯ ಬಗ್ಗೆ ತೀರ್ಪಿನಲ್ಲಿ ಒಂದು ಸಾಲೂ ಬರಲಿಲ್ಲ. ಹಾಗೆ ನಿಂತು ಮಾತಾಡಿದವಳು ಜೈಲಿಗೆ ಬಂದ ಮೊದಲ ವಾರದಲ್ಲೇ ಕುಕ್ಕರಗಾಲಿಗೆ ಬಂದಳು. ಅಲ್ಲಿ ಅವಳ ಹೆಸರೂ ಹೋಗಿ ಮರಾಠಿಯವರ ಬಾಯಲ್ಲಿ ‘ಕಾನಡಿ ಬಾಯಿ’, ಕನ್ನಡದ ಹೆಂಗಸು, ಎಂದಾಯಿತು.

ಎರಡು ಸಾವಿರದ ಮೂರರ ಮಳೆಗಾಲದಲ್ಲಿ ನಾಯಿಮರಿ ಬಂತು. ಕ್ಯಾಂಪಿನ ಶ್ರೀಮಂತರ ಟ್ರಸ್ಟೊಂದಕ್ಕೆ, ಜೈಲಿನ ಹೆಂಗಸರಿಂದ ಮರಿ ಸಾಕಿಸಿ ಪೊಲೀಸ್ ಶ್ವಾನದಳಕ್ಕೆ ಕೊಟ್ಟರೆ ಹೇಗೆ ಎಂದು ಹೊಳೆದಿತ್ತು. ಮುಂಬಯಿಯಲ್ಲಿ ಬಾಂಬು ಸಿಡಿದಾಗಲೆಲ್ಲ ಪುಣೆ ಸ್ಟೇಷನ್ನಿನಲ್ಲೂ ಮೂಸುವ ನಾಯಿಗಳು ಬೇಕಾಗುತ್ತಿದ್ದವು. ಮರಿ ಕೊಟ್ಟವನು ತಳೇಗಾಂವದ ಹೊರಗೆ ಜಾತಿನಾಯಿ ಸಾಕಿ ಮಾರುವ ಲೋಕನಾಥ ಎಂಬ ವ್ಯಾಪಾರಿ. ಕಲಿಸಲು ಬಂದವನು ತಾಯಪ್ಪ. ಸೇನೆಯ ನಾಯಿಗಳ ದಳದಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾದ ಗದಗಿನ ಕಡೆಯ ಮನುಷ್ಯ. ಟ್ರಸ್ಟು ಕೊಟ್ಟ ತಿಳಿನೀಲಿ ಅಂಗಿ ಅವನಿಗೆ ಯಾರದೋ ಅಂಗಿಯಂತೆ ಕಾಣುತ್ತಿತ್ತು.

ಅವನು ಜೈಲಿನ ಅಡುಗೆಮನೆಯ ಮುಂದೆ ಹಾಯುತ್ತಿದ್ದಾಗ ಒಳಗೆ ಗೌರಾಬಾಯಿ ಸುಟ್ಟ ಭಾಕ್ರಿ ಬಿಸಾಕಿದವಳನ್ನು ಅಚ್ಚ ಕನ್ನಡದಲ್ಲಿ ಬೈಯುತ್ತಿದ್ದಳು. ಅವನು ನಿಂತ.

“ಎಲ್ಲಿಯಾಕಿ ತಂಗಿ ನೀ?”

“ಬೈಲಹೊಂಗಲ ಕಡಿಯಾಕಿ. ಈಗ ಇಲ್ಲಿಯಾಕಿ.”

“ನಾಯಿ ಸಾಕಿ ಗೊತ್ತದ ಏನು?”

“ಮೈದುನನ್ನ ಸಾಕೀನ್ರಿ. ನಾಯಿ ಆದ್ರ ಅದಕ್ಕಿಂತ ಹಗರ.”

ತಾಯಪ್ಪ ಮರಿಯನ್ನು ಅವಳ ಕೈಗೇ ಕೊಟ್ಟ. ಟ್ರಸ್ಟಿನವರು ಇಟ್ಟ ಹೆಸರು ರಾಕ್ಸಿ. ಅದರ ಮೈ ಹುರಿದ ಶೇಂಗಾದ ಬಣ್ಣದ್ದು. ಸಂಜೆಯಾಗುವುದರೊಳಗೆ ಅದು ಶೇಂಗಿ ಆಯಿತು.

ಸಾಕುವುದೆಂದರೆ ಬರೀ ಉಣಿಸುವುದಲ್ಲ. ಯಾವ ಸಪ್ಪಳಕ್ಕೂ ಬೆದರಬಾರದು ಎಂದು ಹೆಂಗಸರು ಅದರ ಹಿಂದೆ ತಾಟು ಬಡಿದರು, ಕೊಡೆ ಬಿಚ್ಚಿದರು. ತಾಯಪ್ಪ ವಾರಕ್ಕೊಮ್ಮೆ ಮುಚ್ಚಿದ ಡಬ್ಬಿಯಲ್ಲಿ ಪಟಾಕಿ ಮದ್ದಿನ ವಾಸನೆ ಹತ್ತಿಸಿದ ಅರಿವೆ ತರುತ್ತಿದ್ದ. ಬೋರಲು ಹಾಕಿದ ಬಕೆಟ್ಟುಗಳಲ್ಲಿ ಒಂದರ ಕೆಳಗೆ ಅದನ್ನು ಇಡುತ್ತಿದ್ದ. ಶೇಂಗಿ ಮೂಸುತ್ತ ಹೋಗಬೇಕು. ವಾಸನೆ ಸಿಕ್ಕಲ್ಲಿ ಬೊಗಳಬಾರದು, ಕೆರೆಯಬಾರದು, ಸಪ್ಪಳವಿಲ್ಲದೆ ಕೂರಬೇಕು. “ಬಾಂಬಿನ ಮುಂದ ಕಾಲು ಕೆರದ್ರ ನಾಯೀನೂ ಇಲ್ಲ, ನಾಯಿ ಹಿಡದಾವನೂ ಇಲ್ಲ” ಎಂದು ತಾಯಪ್ಪ ಹೇಳಿದ್ದ. ಕೂತರೆ ‘ಇಲ್ಲಿದೆ’ ಎಂದು ಅರ್ಥ. ಶೇಂಗಿ ಇದನ್ನು ಬೇಗ ಕಲಿಯಿತು. ಗೌರಾಬಾಯಿ ತನ್ನ ಪಾಲಿನ ಭಾಕ್ರಿಯಲ್ಲಿ ತುಂಡು ಮುರಿದು ಅದರ ಬಾಯಿಗಿಡುತ್ತಿದ್ದಳು.

ಆದರೆ ಯಾರೂ ಕಲಿಸದ ಇನ್ನೊಂದನ್ನೂ ಅದು ಕಲಿಯಿತು. ಒಂದು ಬೆಳಿಗ್ಗೆ ಎಣಿಕೆಯ ಹೊತ್ತಿಗೆ ಜೈಲರ್ ಹರ್ಷದಾಬಾಯಿ ಖಾಕಿ ಸೀರೆಯುಟ್ಟು ಅಂಗಳಕ್ಕೆ ಬಂದಳು. ಹೆಂಗಸರೆಲ್ಲ ಜೋಡಿಜೋಡಿಯಾಗಿ ಕುಕ್ಕರಗಾಲಿನಲ್ಲಿ ಕೂತರು. ಗೌರಾಬಾಯಿಯ ಎಡಗಡೆಗೆ ಶೇಂಗಿಯೂ ಬಾಲ ಒಳಗೆಳೆದುಕೊಂಡು ಕೂತಿತು. ಅಂಗಳವೆಲ್ಲ ನಕ್ಕಿತು. ಹರ್ಷದಾಬಾಯಿ ಕೂಡ ನಕ್ಕಳು. ಅವಳು ನಕ್ಕದ್ದನ್ನು ಅವತ್ತೇ ಮೊದಲು ಕಂಡವರಿದ್ದರು. ಗೌರಾಬಾಯಿಗೆ ಎಷ್ಟು ಅಭಿಮಾನವಾಯಿತೆಂದರೆ, ಸೆರಗಿನಿಂದ ಭಾಕ್ರಿಯ ತುಂಡು ತೆಗೆದು ಕೊಟ್ಟೇಬಿಟ್ಟಳು. ಮರುದಿನವೂ ಕೊಟ್ಟಳು. ನೋಡಲು ಬಂದ ದೊಡ್ಡವರ ಮುಂದೆ ಹರ್ಷದಾಬಾಯಿ ಇದನ್ನು ಆಟದಂತೆ ಮಾಡಿಸಿ ತೋರಿಸತೊಡಗಿದಳು. ಪೇಪರಿನವರು ಬಂದು ಫೋಟೊ ಹಿಡಿದರು. ಸಾಲಾಗಿ ಕೂತ ಐವರು ಹೆಂಗಸರು, ತುದಿಯಲ್ಲಿ ನಾಯಿ. ಕೆಳಗೆ, ‘ಕೈದಿಗಳ ಜೊತೆ ಶಿಸ್ತು ಕಲಿತ ಶ್ವಾನ’. ನಾಯಿ ಕೂತದ್ದನ್ನು ಊರೆಲ್ಲ ನೋಡಿತು. ಅದರ ಪಕ್ಕದಲ್ಲಿ ಯಾರ್ಯಾರು ಯಾಕೆ ಕೂತಿದ್ದಾರೆಂದು ನೋಡಿದವರಿಲ್ಲ.

ಪೇಪರು ನೋಡಿದವರ ಪಾಲಿಗೆ ಆ ಫೋಟೊದಲ್ಲಿದ್ದದ್ದು ಆರು ಪ್ರಾಣಿಗಳು.

ದೀಪಾವಳಿ ಮುಗಿದ ಮೇಲೆ ಪರೀಕ್ಷೆ ನಡೆಯಿತು. ಶ್ವಾನದಳದ ಇನ್‌ಸ್ಪೆಕ್ಟರು ಇಬ್ಬರು ಪೇದೆಗಳೊಂದಿಗೆ ಬಂದ. ಅಂಗಳದಲ್ಲಿ ಚೀಲಗಳ ಸಾಲು. ಶೇಂಗಿ ಮೂಗು ನೆಲಕ್ಕೆ ಹಚ್ಚಿ ಚುರುಕಾಗಿ ಹೊರಟಿತು. ಹತ್ತಿರದಿಂದ ನೋಡೋಣವೆಂದು ಇನ್‌ಸ್ಪೆಕ್ಟರು ಮುಂದೆ ಬಂದ. ಶೇಂಗಿ ತಲೆ ಎತ್ತಿ ಖಾಕಿ ನೋಡಿತು. ಅವನ ಬೂಟಿನ ಮುಂದೆ ಹೋಗಿ ಗಪ್ಪನೆ ಕೂತಿತು.

“ನನ್ನ ಜೇಬಿನಲ್ಲಿ ಬಾಂಬ್ ಇದೆಯಂತೆ ನೋಡಿ” ಎಂದು ಅವನು ಮರಾಠಿಯಲ್ಲಿ ಅಂದ. ಎಲ್ಲರೂ ನಕ್ಕರು. ಶೇಂಗಿ ಒಬ್ಬ ಪೇದೆಯ ಮುಂದೆ ಕೂತಿತು, ಇನ್ನೊಬ್ಬನ ಮುಂದೆ ಕೂತಿತು, ಕಡೆಗೆ ಹರ್ಷದಾಬಾಯಿಯ ಮುಂದೆಯೂ ಕೂತಿತು. ಅಷ್ಟರಲ್ಲಿ ನಗು ನಿಂತಿತ್ತು. “ಸ್ಟೇಷನ್ನಿನಲ್ಲಿ ಎಲ್ಲಿ ನೋಡಿದರಲ್ಲಿ ಖಾಕಿ ಇರುತ್ತದೆ. ಇದು ನಮ್ಮವರ ಮುಂದೆಯೇ ಕೂರುತ್ತ ಹೋದರೆ ಚೀಲ ಹುಡುಕುವವರು ಯಾರು? ಹೊಸ ವರ್ಷದಲ್ಲಿ ಇನ್ನೊಮ್ಮೆ ಬಂದು ನೋಡುತ್ತೇನೆ. ಆಗಲೂ ಹೀಗೇ ಇದ್ದರೆ ವಾಪಸು ಕಳಿಸಿಬಿಡಿ” ಅಂದ ಇನ್‌ಸ್ಪೆಕ್ಟರು.

ಅವರು ಹೋದ ಮೇಲೆ ತಾಯಪ್ಪ ನಾಯಿಯ ಪಕ್ಕದಲ್ಲಿ ನೆಲದ ಮೇಲೆಯೇ ಕೂತ. “ಇದನ್ನ ಯಾರು ಕಲಿಸಿದ್ರು?”

“ಯಾರೂ ಕಲಿಸಿಲ್ರಿ ಮಾಸ್ತರ” ಅಂದಳು ಗೌರಾಬಾಯಿ. ಆಮೇಲೆ ಸೆರಗಿನ ಭಾಕ್ರಿ ನೆನಪಾಗಿ ಅವಳ ದನಿ ಇಳಿಯಿತು. “ನಾವು ಕುಂತ್ವಿ. ಅದು ನೋಡ್ತು. ಚಲೋ ಆತು ಅಂತ ನಾನ ತಿನ್ನಾಕ ಕೊಟ್ಟೆ.”

“ವಾಪಸ್ ಅಂದ್ರ ಎಲ್ಲಿಗೆ ಗೊತ್ತದ ಏನು ನಿನಗ? ಲೋಕನಾಥನ ಶೆಡ್ಡಿಗೆ. ಗಂಡು ಆದ್ರ ಯಾರರೆ ಮನಿಗೆ ಒಯ್ತಿದ್ರು. ಇದು ಹೆಣ್ಣು. ಪಂಜರದಾಗ ಇಡ್ತಾನ. ಒಂದು ಸೂಲಿನ ಮರಿ ಹಾಲು ಬಿಡೂದ್ರಾಗ ಇನ್ನೊಂದು ಸೂಲು. ಮೊಲಿ ನೆಲಕ್ಕ ಹತ್ತುವಂಗ ಆಗಿ ಅಲ್ಲೇ ಬೀಳತಾವ. ನಾ ನೋಡಿ ಬಂದೀನಿ.”

ಗೌರಾಬಾಯಿ ಶೇಂಗಿಯ ಕಿವಿ ಸವರುತ್ತಿದ್ದ ಕೈ ನಿಲ್ಲಿಸಿದಳು. “ಬಿಡಸೂದು ಹೆಂಗ ಹೇಳ್ರಿ.”

“ನಾಯಿಗೆ ಕಲಸೂದು ಏನಿಲ್ಲ. ನೀ ಕಲೀಬೇಕು. ಖಾಕಿ ಬಂದಾಗ ನಿನ್ನ ಮೈ ಮುದುಡತದ, ಅದು ಅದಕ್ಕ ತಿಳೀತದ. ಖಾಕಿ ಬಂದ್ರೂ ನೀ ಆರಾಮ ನಿಂತಿರಬೇಕು. ಅದು ಕುಂತ್ರ ಬೈಬ್ಯಾಡ, ಜಗ್ಗಬ್ಯಾಡ. ನಿಂತ್ರ ರೊಟ್ಟಿ ಕೊಡು. ದಿನಾ.”

“ಖಾಕಿ ಮುಂದ ನಾ ನಿಂದ್ರೂದು.”

“ಹೂಂ.”

“ಭಾಳ ಸಸಾರ ಹೇಳಿದ್ರಿ ಮಾಸ್ತರ.”

ತಾಯಪ್ಪ ಹರ್ಷದಾಬಾಯಿಯ ಕೋಣೆಗೆ ಹೋಗಿ ಮರ್ಯಾದೆಯಿಂದಲೇ ಕೇಳಿದ. ಇವಳೊಬ್ಬಳು ನಿಂತಿರಲಿ, ಪರೀಕ್ಷೆ ಮುಗಿಯುವ ಮಟ್ಟಿಗೆ. ಹರ್ಷದಾಬಾಯಿ ಕೆಟ್ಟವಳೇನಲ್ಲ, ತನ್ನ ಮೇಲಿನವರು ಬಂದಾಗ ಅವಳೂ ಬೆನ್ನು ಸೆಟೆದು ನಿಂತು ಉಸಿರು ಬಿಗಿಹಿಡಿಯುವವಳು. ಆದರೆ ಹೆದರಿದವರ ಕೈಯಲ್ಲಿ ಅಧಿಕಾರ ಕೊಟ್ಟರೆ ಅವರು ಮೊದಲು ಕಾಯುವುದು ತಮ್ಮ ಕುರ್ಚಿಯನ್ನು. “ಇವತ್ತು ನಾಯಿಗಾಗಿ ಒಬ್ಬಳು ನಿಂತರೆ, ನಾಳೆ ಬೆಕ್ಕಿಗಾಗಿ ಇನ್ನೊಬ್ಬಳು ನಿಲ್ಲುತ್ತಾಳೆ. ನಾಯಿಗಾಗಿ ಜೈಲು ಇಲ್ಲ, ಜೈಲಿಗಾಗಿ ನಾಯಿ” ಎಂದು ಹೇಳಿ ಕಳಿಸಿದಳು.

ಮರುದಿನ ಎಣಿಕೆಗೆ ಖಾಕಿ ಬಂತು. ಹೆಂಗಸರು ಕೂತರು. ಶೇಂಗಿ ಕೂತಿತು. ಗೌರಾಬಾಯಿ ಕೂರಲಿಲ್ಲ. ಅವಳ ಮೊಣಕಾಲು ತಾವಾಗಿ ಮಡಚಿಕೊಳ್ಳಲು ಹವಣಿಸುತ್ತಿದ್ದವು. ಅಷ್ಟು ವರ್ಷದ ರೂಢಿ. ಅವಳು ಹಿಂದಿನ ಗೋಡೆಗೆ ಕೈ ಊರಿದಳು.

“ಖಾಲೀ ಬಸ್” ಅಂದಳು ಹರ್ಷದಾಬಾಯಿ. ಕೆಳಗೆ ಕೂತುಕೋ.

“ಕುಂತ್ರ ನಾಯಿ ಕೆಡತದ್ರಿ ಬಾಯಿ” ಎಂದು ಗೌರಾಬಾಯಿ ತನ್ನ ಮುರುಕು ಮರಾಠಿಯಲ್ಲಿ ಹೇಳಿದಳು. “ನನಗ ಏನ ಶಿಕ್ಷಾ ಕೊಡ್ತೀರಿ ಕೊಡ್ರಿ. ಅದರ ಮುಂದ ಮಾತ್ರ ನಾ ಕೂಡಂಗಿಲ್ಲ.”

ಶಿಕ್ಷೆ ಬಂತು. ಕ್ಯಾಂಟೀನಿನ ಚಹ, ಸಕ್ಕರೆ ನಿಂತವು. ಅಡುಗೆಮನೆಯಿಂದ ತೆಗೆದು ಸಂಡಾಸು ತೊಳೆಯಲು ಹಾಕಿದರು. ಒಳ್ಳೆಯ ನಡತೆಗೆಂದು ಜೈಲುವಾಸದಲ್ಲಿ ಸಿಗುವ ಮಾಫಿಗೆ ಕತ್ತರಿ ಬಿತ್ತು. ಕಡೆಗೆ ಮುಲಾಖತ್ತೂ ನಿಂತಿತು. ಕ್ಯಾಂಪಿನ ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡಿಕೊಂಡು ತಿಂಗಳಿಗೊಮ್ಮೆ ಬರುತ್ತಿದ್ದ ರೇಣುವನ್ನು ಬಾಗಿಲಿನಿಂದಲೇ ತಿರುಗಿ ಕಳಿಸಿದರು. ನಾಯಿಯನ್ನು ಮಾತ್ರ ಅವಳಿಂದ ಕಿತ್ತುಕೊಳ್ಳಲು ಹರ್ಷದಾಬಾಯಿಗೆ ಧೈರ್ಯ ಬರಲಿಲ್ಲ. ಪೇಪರಿನಲ್ಲಿ ಫೋಟೊ ಬಂದಿತ್ತು, ಮೇಲಿನ ಸಾಹೇಬರು ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದರು, ನಾಯಿ ಪಾಸಾಯಿತೇ ಎಂದು ಕೇಳುತ್ತಿದ್ದರು. ನಾಯಿ ಪಾಸಾಗಬೇಕು, ಗೌರಾಬಾಯಿ ಕೂರಲೂ ಬೇಕು. ಈ ಎರಡರ ನಡುವೆ ಹರ್ಷದಾಬಾಯಿ ಸಿಕ್ಕಿಕೊಂಡಿದ್ದಳು.

ಜೊತೆಯವರು ಬೆನ್ನು ತಟ್ಟಿದರೇ? ಇಲ್ಲ. ಒಬ್ಬಳು ನಿಂತದ್ದಕ್ಕೆ ಇಡೀ ಬ್ಯಾರಕ್ಕಿನವರನ್ನು ಬಿಸಿಲಲ್ಲಿ ಇನ್ನಷ್ಟು ಹೊತ್ತು ಕೂರಿಸುತ್ತಿದ್ದರು. ಬೈಗುಳವೆಲ್ಲ ಗೌರಾಬಾಯಿಗೆ. ಎಲ್ಲರಿಗಿಂತ ಹೆಚ್ಚು ಬೈದವಳು ಗೋದಾ. ಸೊಲ್ಲಾಪುರ ಕಡೆಯಿಂದ ಬಾರಾಮತಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಯಲು ಬಂದವಳು, ಹೊಲದ ಜಗಳದಲ್ಲಿ ಕೂಲಿಯವರನ್ನು ಕರೆತರುವ ಮುಕಾದಮನ ಮೇಲೆ ಕಬ್ಬಿನ ಕತ್ತಿ ಕೋಯ್ತಾ ಬೀಸಿ ಒಳಗೆ ಬಂದ ಮುದುಕಿ. ಅವಳ ಮಂಡಿಗಳು ಕೂರುವಾಗೊಮ್ಮೆ, ಏಳುವಾಗೊಮ್ಮೆ ಲಟಕ್ಕನೆ ಮುರಿಯುತ್ತಿದ್ದವು.

“ನಾಯಿಗೆ ನೌಕರಿ ಹಚ್ಚಾಕ ನಮ್ಮ ಟೊಂಕಾ ಮುರೀತೀ ಏನ? ಅದಕ್ಕ ಪಗಾರ ಬಂದ್ರ ನಿನಗ ಸೀರಿ ತರತದ ನೋಡು.”

“ತಂದ್ರ ನಿನಗ ಕೊಡ್ತೀನಿ ಬಿಡು ಗೋದಕ್ಕಾ.”

“ನನಗ ಬ್ಯಾಡವಾ ನಾಯಿ ತಂದ ಸೀರಿ.”

ಇಷ್ಟೆಲ್ಲ ಆದರೂ ಶೇಂಗಿ ಕೂರುವುದನ್ನು ಬಿಡಲಿಲ್ಲ. ಗೌರಾಬಾಯಿ ನಿಂತಿರುತ್ತಿದ್ದಳು, ಅದು ಕೆಳಗಿನಿಂದ ಅವಳ ಮುಖ ನೋಡುತ್ತ ಕೂತಿರುತ್ತಿತ್ತು. ನೀನು ಮರೆತೆಯಾ, ಖಾಕಿ ಬಂದಿದೆ ಎನ್ನುವಂತೆ. ಅವಳು ಬೈಯಲಿಲ್ಲ, ಜಗ್ಗಲಿಲ್ಲ. ಸೆರಗಿನಲ್ಲಿ ಭಾಕ್ರಿ ಒಣಗಿ ಚೂರಾಗುತ್ತಿತ್ತು.

ತಾಯಪ್ಪ ಒಮ್ಮೆ ಅವಳ ಕೈ ಹಿಡಿದು ನೋಡಿದ. “ನೀ ನಿಂತೀದಿ, ಖರೇ. ಒಳಗ ಇನ್ನೂ ಕುಂತೀದಿ. ಕೈ ಹೆಂಗ ತಣ್ಣಗ ಅದ ನೋಡು.” ಆಮೇಲೆ ದನಿ ತಗ್ಗಿಸಿ ಹೇಳಿದ: “ಬಾಗಲದಾಗ ನಿನ್ನ ಮಗಳು ಸಿಕ್ಕಿದ್ಳು. ಯಾಕ ಬಿಡವೊಲ್ರು ಅಂತ ಕೇಳಿದ್ಳು, ಹೇಳಿದೆ.”

ಗೌರಾಬಾಯಿ ಕೈ ಬಿಡಿಸಿಕೊಂಡಳು. “ಅತ್ತಳೇನ್ರಿ?”

“ಅಳಲಿಲ್ಲ. ‘ಅವ್ವಗ ಕುಂಡ್ರಬ್ಯಾಡ ಅಂತ ಹೇಳ್ರಿ. ನಾ ಮುಂದಿನ ತಿಂಗಳ ಮತ್ತ ಬಂದು ಬಾಗಲದಾಗ ನಿಂದ್ರತೀನಿ’ ಅಂದ್ಳು.”

ಆ ದಿನದಿಂದ ಗೌರಾಬಾಯಿಯ ನಿಲುವೇ ಬೇರೆಯಾಯಿತು. ಗೋಡೆಗೆ ಕೈ ಊರುವುದು ನಿಂತಿತು. ಖಾನಾವಳಿಯಲ್ಲಿ ಕೈಯಲ್ಲಿ ಸವುಟು ಹಿಡಿದು, ಯಾರ ತಾಟಿನಲ್ಲಿ ಏನು ಮುಗಿದಿದೆ ಎಂದು ನೋಡುತ್ತ ನಿಲ್ಲುತ್ತಿದ್ದಳಲ್ಲ, ಹಾಗೆ ಒಂದು ಸೊಂಟ ವಾರೆ ಮಾಡಿ ನಿಂತಳು. ಖಾಕಿ ಬಂದಾಗ ಖಾಕಿಯನ್ನೇ ನೋಡಿದಳು. ನೋಡಿದರೆ ಅದೂ ಒಂದು ಬಟ್ಟೆ. ಹರ್ಷದಾಬಾಯಿಯ ರವಿಕೆಯ ತೋಳಿನ ಹತ್ತಿರ ಹೊಲಿಗೆ ಬಿಟ್ಟಿತ್ತು. ಇಷ್ಟು ವರ್ಷ ನೆಲ ನೋಡುತ್ತ ಕೂತವಳಿಗೆ ಅದು ಕಂಡಿರಲೇ ಇಲ್ಲ.

ಸಂಕ್ರಾಂತಿಯ ಆಸುಪಾಸಿನಲ್ಲಿ ಒಂದು ಬೆಳಿಗ್ಗೆ ಶೇಂಗಿ ಕೂರಲು ಹೋಗಿ, ಅರ್ಧ ಕೂತು, ಗೌರಾಬಾಯಿಯ ಮುಖ ನೋಡಿ, ಮತ್ತೆ ಎದ್ದಿತು. ಬಾಲ ಒಮ್ಮೆ ಆಡಿತು. ಅವಳು ಮೆಲ್ಲಗೆ ಬಗ್ಗಿ ಭಾಕ್ರಿ ಕೊಟ್ಟಳು.

ಹರ್ಷದಾಬಾಯಿಗೆ ಆ ಬಾಲ ಆಡಿದ್ದೇ ತಡೆಯಲಾಗಲಿಲ್ಲ. ಮೇಲಿನ ಸಾಹೇಬರಿಗೆ ಏನು ಬೇಕಾದರೂ ಹೇಳಿಕೊಂಡರಾಯಿತು ಎಂದು ಅಂದೇ ತೀರ್ಮಾನಿಸಿದಳು. ನಾಯಿಯ ಹಗ್ಗವನ್ನು ಗೌರಾಬಾಯಿಯ ಕೈಯಿಂದ ತೆಗೆದುಕೊಂಡು ಗೋದಾಳ ಮುಂದೆ ಹಿಡಿದಳು. “ಇನ್ನು ಮೇಲೆ ನೀನು ನೋಡಿಕೋ” ಅಂದಳು.

ಗೋದಾ ಹಗ್ಗ ಮುಟ್ಟಲಿಲ್ಲ. ಕೂತಲ್ಲಿಂದಲೇ ಮೇಲೆ ನೋಡಿದಳು. “ಕೊಡ್ರಿ ಬಾಯಿ, ಯಾಕ ಒಲ್ಲೆ ಅನ್ಲಿ. ಆದ್ರ ನನ್ನ ಕೈಯಾಗ ಕೊಟ್ಟ ಮ್ಯಾಲ ನಾನೂ ನಿಂದ್ರಬೇಕಾಗತದ ನೋಡ್ರಿ. ನಾಯಿ ಕೆಡಬಾರದಲ್ಲ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹರ್ಷದಾಬಾಯಿ ಹಗ್ಗ ಹಿಡಿದುಕೊಂಡು ಸಾಲಿನ ಉದ್ದಕ್ಕೂ ನೋಡಿದಳು. ಇನ್ನು ಯಾರಿಗೆ ಕೊಟ್ಟರೂ ಇದೇ ಉತ್ತರ ಬರಬಹುದು ಅನ್ನಿಸಿರಬೇಕು. ಹಗ್ಗವನ್ನು ಗೌರಾಬಾಯಿಯ ಕಾಲ ಹತ್ತಿರ ಎಸೆದು ಹೊರಟುಹೋದಳು. ಆ ರಾತ್ರಿ ಊಟದ ಹೊತ್ತಿಗೆ ಗೋದಾ ಮತ್ತೆ ಬೈದಳು. ಅವಳ ಬಾಯಿ ಅದಕ್ಕೇ ಇದ್ದದ್ದು.

ಇನ್‌ಸ್ಪೆಕ್ಟರು ಮತ್ತೆ ಬಂದ. ಈ ಸಲ ಬೇಕೆಂದೇ ಇನ್ನೂ ಹೆಚ್ಚು ಪೇದೆಗಳನ್ನು ಕರೆತಂದು ಚೀಲಗಳ ನಡುನಡುವೆ ನಿಲ್ಲಿಸಿದ. ಹೆಂಗಸರನ್ನು ಗೋಡೆಯ ಗುಂಟ ಕೂರಿಸಿದ್ದರು. ಗೌರಾಬಾಯಿ ಅಂಗಳದ ತುದಿಯಲ್ಲಿ ನಿಂತಿದ್ದಳು. ಹಗ್ಗ ತಾಯಪ್ಪನ ಕೈಯಲ್ಲಿ. ಶೇಂಗಿ ಮೊದಲ ಪೇದೆಯ ಬೂಟಿನ ಹತ್ತಿರ ಹೋಗಿ ನಿಂತಿತು. ತಲೆ ಎತ್ತಿ ಖಾಕಿ ನೋಡಿತು. ಕುತ್ತಿಗೆ ಹೊರಳಿಸಿ ಗೌರಾಬಾಯಿಯನ್ನು ನೋಡಿತು. ಅವಳು ಸೊಂಟ ವಾರೆ ಮಾಡಿ, ಸೆರಗಿನ ತುದಿಯಿಂದ ಮುಖದ ಬೆವರು ಒರೆಸಿಕೊಳ್ಳುತ್ತಿದ್ದಳು, ಈ ಅಂಗಳ ತನ್ನದೇ ಎನ್ನುವಂತೆ.

ಶೇಂಗಿ ಪೇದೆಯ ಬೂಟು ದಾಟಿತು. ಎರಡನೆಯವನನ್ನೂ ದಾಟಿತು. ಹರ್ಷದಾಬಾಯಿಯ ಸೀರೆಯ ನೆರಿಗೆ ಮೂಸಿ, ಅಲ್ಲೇನೂ ಇಲ್ಲ ಎಂದು ಮುಂದೆ ಹೋಯಿತು. ಸಾಲಿನ ಕೊನೆಯಲ್ಲಿ ಹರಿದ ಹಾಸಿಗೆ ಚೀಲವೊಂದಿತ್ತು. ಅದರ ಮುಂದೆ ಸಪ್ಪಳವಿಲ್ಲದೆ ಕೂತಿತು.

ಇನ್‌ಸ್ಪೆಕ್ಟರು ಚೀಲ ಬಿಚ್ಚಿಸಿದ. ಒಳಗೆ ತಾಯಪ್ಪನ ಡಬ್ಬಿ ಇತ್ತು. “ಇದನ್ನು ಸಾಕಿದವರು ಯಾರು?” ಎಂದು ಕೇಳಿದ. ಹರ್ಷದಾಬಾಯಿ ಉತ್ತರಿಸುವುದರೊಳಗೆ ಗೋಡೆಯ ಗುಂಟ ಕೂತಿದ್ದ ಗೋದಾ ಕೂಗಿದಳು, “ಆಕಿ ನೋಡ್ರಿ ಸಾಹೇಬ್ರ, ನಿಂತಾಕಿ.”

ಮರುವಾರ ಶ್ವಾನದಳದ ಗಾಡಿ ಬಂತು. ಗೌರಾಬಾಯಿ ಶೇಂಗಿಗೆ ಬೆಲ್ಲ ಹಚ್ಚಿದ ಭಾಕ್ರಿ ತಿನ್ನಿಸಿದಳು, ಹಗ್ಗವನ್ನು ತಾನೇ ಪೇದೆಯ ಕೈಗೆ ಕೊಟ್ಟಳು. ಶೇಂಗಿ ಗಾಡಿಯ ಮೆಟ್ಟಿಲ ಮೇಲೆ ತಿರುಗಿ ನೋಡಿತು. “ಹೋಗು” ಅಂದಳು. “ಯಾರ ಮುಂದೂ ಸುಮ್ಮಸುಮ್ಮನ ಕುಂಡ್ರಬ್ಯಾಡ.” ಗಾಡಿ ಹೋದ ಮೇಲೆ ಸಂಡಾಸಿನ ಕಡೆ ನಡೆದು, ಪೊರಕೆ ಹಿಡಿದು, ಅಲ್ಲಿ ಯಾರೂ ಕಾಣದ ಕಡೆ ತಿರುಗಿ ಅತ್ತಳು.

ಮರುದಿನ ಬೆಳಿಗ್ಗೆ ಎಣಿಕೆ. ಖಾಕಿ ಅಂಗಳಕ್ಕೆ ಬಂತು. ಹೆಂಗಸರು ಜೋಡಿಜೋಡಿಯಾಗಿ ಕೂತರು. ಗೌರಾಬಾಯಿಯ ಎಡಗಡೆ ಖಾಲಿ ಇತ್ತು. ಎಲ್ಲರ ಕಣ್ಣೂ ನೆಲ ಬಿಟ್ಟು ಅವಳ ಮೇಲೆ.

ಅವಳು ನಿಂತಿದ್ದಳು.

“ನಾಯಿ ಹೋಯಿತಲ್ಲ” ಅಂದಳು ಹರ್ಷದಾಬಾಯಿ. ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. “ಇನ್ನು ಯಾರಿಗೆ ಕಲಿಸಬೇಕು? ಖಾಲೀ ಬಸ್.”

“ಅದರ ರೂಢಿ ಬಿಡಸೂದ್ರಾಗ ನಂದೂ ಬಿಟ್ಟಹೋತ್ರಿ ಬಾಯಿ. ಎಣಿಸ್ರಿ, ನಾ ಇಲ್ಲೇ ಇದ್ದೀನಿ.”

ಹಿಂದಿನ ಸಾಲಿನಲ್ಲಿ ಲಟಕ್ಕೆಂದು ಮಂಡಿ ಮುರಿದ ಸಪ್ಪಳ ಕೇಳಿತು. ಗೋದಾ ಪಕ್ಕದವಳ ಹೆಗಲ ಮೇಲೆ ಕೈ ಊರಿ, ನರಳುತ್ತ, ಬೈಯುತ್ತ ಎದ್ದಳು. “ನನಗ ನಾಯಿಯಿಲ್ಲ ನರಿಯಿಲ್ಲ. ಮಂಡಿ ನೋವು ಅಷ್ಟ.”

ಉಳಿದವರು ಕೂತೇ ಇದ್ದರು. ಹರ್ಷದಾಬಾಯಿ ಆ ಇಬ್ಬರನ್ನು ನೋಡಿದಳು. ಅಂಗಳದಲ್ಲಿ ಬಿಸಿಲು ಏರುತ್ತಿತ್ತು, ಅಡುಗೆಮನೆಯಿಂದ ಸುಟ್ಟ ಭಾಕ್ರಿಯ ವಾಸನೆ ಬರುತ್ತಿತ್ತು. ಕಡೆಗೆ ಅವಳು ಬೆರಳು ಎತ್ತಿ ಎಣಿಸಲು ಶುರುಮಾಡಿದಳು. ಕೂತವರನ್ನು ಎಣಿಸಿದಳು, ನಿಂತವರನ್ನು ಎಣಿಸಿದಳು. ಲೆಕ್ಕ ಸರಿಯಾಗಿಯೇ ಬಂತು.